ಪಾಪಕ್ಕನ ಎಂಜಲು

ಇದು ಊರಿಗಾಂ ಗಣಿ ಕಾರ್ಮಿಕರ ಲೈನಿನ ವೇಣುವಿಗೆ ಆದದ್ದು. ಸಾಕಿ ಬೆಳೆಸಿದ ಅಜ್ಜಿ ಪಾಪಕ್ಕ ತೀರಿಕೊಂಡ ಮೇಲೆ ಅವನು ಮುಂಗೈ ಮೇಲೆ ಅವಳ ಹೆಸರಿನ ಟ್ಯಾಟೂ ಹಾಕಿಸಿಕೊಂಡ. ದಿನಕ್ಕೆರಡು ಸಲ ಸೋಪಿನಲ್ಲಿ ತೊಳೆದು ಮುಲಾಮು ಹಚ್ಚುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ ಉಂಡು ಮಲಗಿ ಎದ್ದಾಗ ಕೈ ಅಂಟಂಟಾಗಿತ್ತು. ಕೀವೆಂದುಕೊಂಡು ನೋಡಿದರೆ ಕೆಂಪು ಎಂಜಲು, ಅದರೊಳಗೆ ಅಗಿದ ಎಲೆಯ ನಾರು. ಇನ್ನೂ ಬೆಚ್ಚಗಿತ್ತು. ಹೆಂಡತಿ ಪುಷ್ಪ ಬಗ್ಗಿ ಮೂಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಥೂ! ನಿಮ್ಮಜ್ಜಿ ಬಾಯ್ ವಾಸ್ನೆ ಕಣ್ರೀ ಇದು."

"ಸುಮ್ಕಿರೇ. ಮನೇಗ್ಯಾರ್ ಬಂದಿದ್ರು?"

"ಯಾರೂ ಬಂದಿಲ್ಲ. ಚಿಲ್ಕ ನಾನೇ ಆಕಿದ್ದೆ."

ಚಿಕ್ಕವನಿದ್ದಾಗ ಅವನು ಬಿದ್ದು ಬಂದರೆ ಅಜ್ಜಿ ಎಲೆಯಡಿಕೆ ಅಗಿದು ಗಾಯಕ್ಕೆ ಉಗುಳುತ್ತಿದ್ದಳು. ಅವಳ ಕೊನೆಗಾಲದಲ್ಲಿ ಅವನು ಆ ಎಂಜಲಿಗೆ ಅಸಹ್ಯಪಟ್ಟು ಅವಳ ಕೈಯಿಂದ ನೀರೂ ಕುಡಿಯುತ್ತಿರಲಿಲ್ಲ.

ಚರ್ಮ ಕಿತ್ತು ಬರುವ ಹಾಗೆ ಉಜ್ಜಿ ತೊಳೆದ. ಮರುದಿನವೂ ಅದೇ ಎಂಜಲು, ಅದರ ಮರುದಿನವೂ. ಒಂಬತ್ತನೆಯ ದಿನ ಹಕ್ಕಳೆ ಉದುರಿತು. ಗಾಯ ಚೆನ್ನಾಗಿ ಮಾಗಿತ್ತು. ಹಕ್ಕಳೆಯ ಅಡಿಯಲ್ಲಿ ಕಲ್ಲಿನಂಥದ್ದೇನೋ ಅಂಟಿತ್ತು. ಪುಷ್ಪ ಅದನ್ನು ಬೆಳಕಿಗೆ ಹಿಡಿದವಳೇ ಕೈ ಕೊಡವಿ ಎಸೆದಳು. ಅಡಿಕೆಯ ಕರೆ ಹಿಡಿದ ಹಲ್ಲಿನ ಚೂರು.

ಇಬ್ಬರೂ ಕನ್ನಡಿ ಮುಂದೆ ಬಾಯಿ ತೆರೆದು ನೋಡಿಕೊಂಡರು. ಅವರ ಹಲ್ಲುಗಳೆಲ್ಲ ಸರಿಯಾಗಿಯೇ ಇದ್ದವು.