ಕಂಡಕ್ಟರನ ತುಟಿ ಆಡಿದ ಹೆಸರು

"ಬಾಯಿ ಒಂದು ಹೇಳತ್ತೆ, ದನಿ ಇನ್ನೊಂದು ಹೇಳತ್ತೆ. ಸಾಫ್ಟ್‌ವೇರ್ ಕೆಟ್ಟಿದೆ ಅಂತಾರೆ ಸ್ಟುಡಿಯೋದವರು. ಸರಿಮಾಡಿ ಕೊಡಿ ಅಕ್ಕ."

ನ್ಯಾರ್ಕೊ ಪೆನ್ ಡ್ರೈವನ್ನು ಮೇಜಿನ ಮೇಲಿಟ್ಟಳು. ನಮ್ಮ ಕುಮಾಸಿ ನಗರದಲ್ಲಿ ಯಾರ ವಿಡಿಯೋ ಎಡಿಟಿಂಗ್ ಕೈಕೊಟ್ಟರೂ ಸರಿಪಡಿಸುವುದು ಪೊಕುವಾಳ ಕೆಲಸ. ಅಂಗಡಿಯಲ್ಲಿ ನಾನು ಪಾಲುದಾರ.

ಪರದೆಯ ಮೇಲೆ ಆಸ್ಪತ್ರೆಯ ಹಾಸಿಗೆ. ವ್ಯಾನ್ ಕಂಡಕ್ಟರ್ ಸಾರ್ಫೊ ಸಾಯುವ ಮುಂಚೆ ಹೇಳಿದ ಮಾತು: "ಅಸಾರೆ, ನನ್ನನ್ನ ಕ್ಷಮಿಸು. ಅವತ್ತು ವ್ಯಾನ್ ಓಡಿಸ್ತಿದ್ದಿದ್ದು... ಅಸಾರೆ."

ಅಸಾರೆ ನ್ಯಾರ್ಕೊಳ ಗಂಡ. ಮಾಂಪೊಂಗ್ ರಸ್ತೆಯಲ್ಲಿ ವ್ಯಾನ್ ಉರುಳಿ ಜನ ಸತ್ತರು. ಚಾಲಕನೆಂದು ಅವನು ಜೈಲು ಸೇರಿದ. ಓಡಿಸಿದ್ದು ಮಾಲೀಕ ಬೆಂಪಾ ಎಂದು ಅವನು ಎಷ್ಟು ಕೂಗಿಕೊಂಡರೂ ಯಾರೂ ಕೇಳಲಿಲ್ಲ. ಕಂಡದ್ದು ಸಾರ್ಫೊ ಒಬ್ಬನೇ, ಅವನು ಕೋರ್ಟಿನಲ್ಲಿ ಬಾಯಿ ಬಿಡಲಿಲ್ಲ. ಅವನ ಉತ್ತರಕ್ರಿಯೆಯ ದಿನ ಈ ವಿಡಿಯೋ ನೋಡಿದ ಊರಿನವರೆಲ್ಲ ನ್ಯಾರ್ಕೊಳ ಕಡೆ ತಿರುಗಿ ದುರುಗುಟ್ಟಿದ್ದರು.

ಪೊಕುವಾ ಸಾಫ್ಟ್‌ವೇರಿನಲ್ಲಿ ಉಳಿದಿದ್ದ ತಾತ್ಕಾಲಿಕ ಕಡತಗಳನ್ನು ಅಳಿಸಿದಳು. ಬೇರೆ ಕಂಪ್ಯೂಟರಿನಲ್ಲಿ ಹಾಕಿದಳು. ದೋಷ ಹಾಗೇ ಇತ್ತು—ಇಡೀ ವಿಡಿಯೋದಲ್ಲಿ ದನಿ ತುಟಿಗಿಂತ ಸ್ವಲ್ಪ ಹಿಂದೆ. ದನಿಯನ್ನು ಮುಂದಕ್ಕೆ ಸರಿಸಿದಳು. ಕೂಡಿತು.

"ಆಯ್ತಲ್ಲ?" ಎಂದೆ.

ಅವಳು ಕೊನೆಯ ಮಾತನ್ನೇ ಮತ್ತೆ ಮತ್ತೆ ನೋಡುತ್ತಿದ್ದಳು.

ಇಲ್ಲೇನೋ ಮೋಸವಿದೆ ಎಂದು ಅವಳು ಹೇಳಿದ ಮೇಲೆ ಸಾರ್ಫೊನ ತಮ್ಮ ಮಾನುವನ್ನು ಕರೆಸಿದೆವು. ಅವನು ಬಾಯಿ ತೆರೆದದ್ದೇ ನಾನು ಬೆಚ್ಚಿದೆ—ಸತ್ತವನದೇ ದನಿ!

"ರೆಕಾರ್ಡ್ ಮಾಡುವಾಗ ನೀನು ಅಲ್ಲಿದ್ಯಾ?" ಪೊಕುವಾ ಕೇಳಿದಳು.

"ಇಲ್ಲ ಅಕ್ಕ. ಅಣ್ಣ ಎಲ್ಲರನ್ನೂ ಹೊರಗೆ ಕಳಿಸಿದ. ಆಮೇಲೆ ಕೇಳೋಕೂ ನಂಗೆ ಧೈರ್ಯ ಬರ್ಲಿಲ್ಲ. ಉತ್ತರಕ್ರಿಯೆಗೆ ವಿಡಿಯೋ ಸಿದ್ಧ ಮಾಡೋಕೆ ಫೋನನ್ನ ಹಾಗೇ ಒಡುರೊ ಸ್ಟುಡಿಯೋಗೆ ಕೊಟ್ಟೆ."

"ಫೋನಲ್ಲಿ ಇದೆಯಾ ಈಗ?"

"ಜಾಗ ಇರ್ಲಿಲ್ಲ ಅಂತ ಒಡುರೊನೇ ಖಾಲಿ ಮಾಡಿದ್ನಲ್ಲ."

ದನಿ ಅಷ್ಟು ಹೋಲುತ್ತಿದ್ದುದರಿಂದ ನನ್ನ ಅನುಮಾನ ಮಾನುವಿನ ಮೇಲೇ ಉಳಿಯಿತು. ಪೊಕುವಾ ಮಾತ್ರ ಎಲ್ಲರನ್ನೂ ಒಡುರೊನ ಸ್ಟುಡಿಯೋಗೆ ಕರೆದೊಯ್ದಳು.

"ಸಾಫ್ಟ್‌ವೇರ್ ರೋಗ ಕಣಮ್ಮ," ನಕ್ಕ ಒಡುರೊ. "ನಿನ್ನಂಥವಳಿಗೆ ಇದನ್ನೂ ನಾನು ಹೇಳಿಕೊಡ್ಬೇಕಾ?"

"ರೋಗ ಆಗಿದ್ರೆ ಪೂರ್ತಿ ವಾಸಿ ಆಗ್ಬೇಕಿತ್ತು. ದನಿ ಸರಿಸಿದೆ, ಎಲ್ಲ ಮಾತೂ ಕೂಡ್ತು. ಕೊನೇ ಹೆಸರು ಮಾತ್ರ ಕೂಡ್ಲಿಲ್ಲ. ಸಾಫ್ಟ್‌ವೇರ್ ಒಂದೇ ಹೆಸರನ್ನ ಆರಿಸ್ಕೊಂಡು ಕೆಡತ್ತಾ?"

ಪೊಕುವಾ ನಮ್ಮೆಲ್ಲರ ಕಡೆ ತಿರುಗಿದಳು.

"ಅಸಾರೆ ಅನ್ನಿ, ತುಟಿ ಒಂದು ಸಲವೂ ಮುಚ್ಚಲ್ಲ. ಸಾರ್ಫೊನ ತುಟಿ ಅಲ್ಲಿ ಎರಡು ಸಲ ಮುಚ್ಚತ್ತೆ. ಬೆಂಪಾ ಅಂದ್ನೋಡಿ!"

ನಾನು ಸದ್ದಿಲ್ಲದೆ ಅಂದು ನೋಡಿದೆ. ಎರಡು ಸಲ.

"ಹಾಗಾದ್ರೆ ಮಾನು ದನಿ ಕೊಟ್ಟಿದ್ದಾನೆ!" ಎಂದೆ.

"ಇಲ್ಲ. ಎರಡೂ 'ಅಸಾರೆ'ಗಳ ದನಿಯ ಅಲೆಗೆರೆಗಳನ್ನ ಪರದೆ ಮೇಲೆ ಒಂದರ ಮೇಲೊಂದು ಇಟ್ಟೆ—ಒಂದೇ ಅಚ್ಚು. ಯಾವ ಮನುಷ್ಯನೂ ಒಂದು ಹೆಸರನ್ನ ಎರಡು ಸಲ ಹಾಗೆ ಹೇಳಲಾರ. ಮೊದಲನೇದನ್ನ ನಕಲು ಮಾಡಿ ಕೊನೇಲಿ ಅಂಟಿಸಿದ್ದಾರೆ. ಅದು ಎದ್ದು ಕಾಣ್ಬಾರ್ದು ಅಂತ ಇಡೀ ದನೀನೇ ಹಿಂದಕ್ಕೆ ಸರಿಸಿದ್ದಾರೆ. ಮೊದಲೇ ಹೊಳೀಬೇಕಿತ್ತು: ಅಸಾರೆ ಜೊತೆ ಮಾತಾಡ್ತಿರೋನು 'ಓಡಿಸಿದ್ದು ನೀನು' ಅಂತಾನೆ, 'ಅಸಾರೆ' ಅಂತಾನಾ? ಫೋನ್ ನಿನ್ನ ಕೈಲಿತ್ತು, ಮಷಿನ್ ನಿನ್ನದು. ಇದು ನಿನ್ನ ಕೆಲಸ, ಒಡುರೊ."

ಒಡುರೊ ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿದ.

"ಬೆಂಪಾ ನನ್ನ ಹೆಂಡತಿಯ ಅಣ್ಣ. ನನ್ನ ಮಕ್ಕಳಿಗೆ ಸೋದರಮಾವ. ನಾಳೆ ನಾನು ಸತ್ರೆ ಮಕ್ಕಳು ಯಾರ ಮನೆಗೆ ಹೋಗ್ಬೇಕು? ಮಕ್ಕಳು ತಾಯಿಯ ಕುಲಕ್ಕೆ, ಸೋದರಮಾವನ ಆಸರೆಗೆ ಸೇರೋದು ನಮ್ಮ ಪದ್ಧತಿ, ನಿನಗೆ ಗೊತ್ತಿಲ್ವಾ?"

"ಮೂಲ ಎಲ್ಲಿ?"

"ಅಳಿಸಿದೆ. ಆ ಡಿಸ್ಕ್ ಮೇಲೆ ಆಮೇಲೆ ಎಷ್ಟು ಮದುವೆ ವಿಡಿಯೋ ತುಂಬಿಸಿದ್ದೀನೋ. ಕೋರ್ಟಲ್ಲಿ ತುಟಿ ತೋರಿಸ್ತೀಯಾ? ತೋರಿಸು. ಸಾಫ್ಟ್‌ವೇರ್ ತಪ್ಪು ಅಂತೀನಿ."

ಮಾನು ಅವನ ಕಾಲರ್ ಹಿಡಿದ. ನಾನು ಬಿಡಿಸಿದೆ.

ಬೇಕಾದರೆ ಹುಡುಕು ಎಂದು ಒಡುರೊ ಮುಂದಿಟ್ಟ ಆ ಡಿಸ್ಕನ್ನು ಪೊಕುವಾ ಕೆದಕಿದಳು. ಸಿಕ್ಕಿದ್ದು ವಧುಗಳ ನಗು ಮಾತ್ರ. ವಕೀಲರು ವಿಡಿಯೋ ನೋಡಿ ಅಡ್ಡಡ್ಡ ತಲೆಯಾಡಿಸಿದರು. "ಹೆಸರು ಸುಳ್ಳು ಅಂತ ವಾದಿಸಬಹುದಮ್ಮ. ಆದರೆ ನಿಜವಾದ ಹೆಸರು ಕೇಳಿಸಲ್ಲವಲ್ಲ? ಕೇಸು ಮತ್ತೆ ತೆರೆಸೋಕೆ ಇಷ್ಟು ಸಾಲದು."

ನ್ಯಾರ್ಕೊ ಅಳಲಿಲ್ಲ. "ಆ ಸುಳ್ಳು ಹೆಸರನ್ನಾದ್ರೂ ತೆಗೆದುಬಿಡಿ ಅಕ್ಕ."

ಪೊಕುವಾ ತೆಗೆದಳು. ಈಗ ಅಲ್ಲಿ ಮೌನ. ತುಟಿ ಎರಡು ಸಲ ಕೂಡುತ್ತದೆ, ಏನೂ ಕೇಳಿಸುವುದಿಲ್ಲ.

"ಶುಕ್ರವಾರ ಜೈಲಿಗೆ ಹೋಗ್ತೀನಿ," ಎಂದಳು ನ್ಯಾರ್ಕೊ. "ಓಡಿಸಿದ್ದು ನೀವು ಅಂತ ಸಾರ್ಫೊ ಹೇಳಿರ್ಲಿಲ್ಲ ಅಂತ ನನ್ನ ಗಂಡನಿಗೆ ತಿಳಿಸ್ಲಾ, ಬೇಡ್ವಾ? ತಿಳಿಸಿದ್ರೆ ಪಾಪ, ಬಿಡುಗಡೆ ಆಗತ್ತೆ ಅಂತ ಆಸೆ ಇಟ್ಕೋತಾರೆ."