ಮುದ್ದಪ್ಪನ ಮಗ್ಗದ ಕುಣಿ

"ಬಾಡಿಗೆಗೆ ಬಿಡಾಕೆ ಮನೆ ಬೇಕಂದ್ರೆ ಚಳ್ಳಕೆರೆಗೆ ಹೋಗಬೇಕಿತ್ತು ಸಾರ್. ಇದನ್ನ ತಗಂಡಿದ್ದು ತಗಂಡ್ರಿ, ಮಗ್ಗದ ಕುಣಿ ಮಾತ್ರ ಮುಚ್ಚಬ್ಯಾಡ್ರಿ," ಎಂದಳು ಪಕ್ಕದ ಮನೆಯ ಯರ್ರಮ್ಮ, ಹೊಸ್ತಿಲಿನಾಚೆಯೇ ನಿಂತು.

ಹನುಮಂತರಾಜು ನಕ್ಕ. ಆಂಧ್ರದ ಅನಂತಪುರದವನು, ಸ್ವಂತ ಊರಲ್ಲಿ ಮನೆ ಕೊಳ್ಳುವವರೆಲ್ಲ ದಡ್ಡರು, ಗಡಿ ದಾಟಿ ಅಗ್ಗದ ಊರಲ್ಲಿ ಕೊಂಡು ಬಾಡಿಗೆಗೆ ಬಿಟ್ಟವನೇ ಜಾಣ ಎಂದು ನಂಬಿದವನು. ಚಳ್ಳಕೆರೆಯನ್ನೂ ನೋಡಿ ಬಂದಿದ್ದ. ಅಲ್ಲಿ ಎಣ್ಣೆ ಮಿಲ್ಲುಗಳಿದ್ದವು, ನೌಕರಿಯವರಿದ್ದರು, ಬಾಡಿಗೆದಾರರಿಗೆ ಬರವಿರಲಿಲ್ಲ. ಅದಕ್ಕೇ ಬೆಲೆಯೂ ಆಕಾಶದಲ್ಲಿತ್ತು. ಮೊಳಕಾಲ್ಮೂರಿನ ನೇಕಾರರ ಓಣಿಯ ಈ ಮನೆಯಾದರೋ ಬಿಟ್ಟಿ ಸಿಕ್ಕಂತೆ ಸಿಕ್ಕಿತ್ತು. ಬಿಟ್ಟಿ ಏಕೆ ಸಿಕ್ಕಿತೆಂದು ಕೇಳುವ ಬುದ್ಧಿ ಅವನಿಗೆ ಬರಲಿಲ್ಲ. ದೂರದ ಬೆಟ್ಟ ನುಣ್ಣಗೆ!

ಕಿಟಕಿಯಿಲ್ಲದ ನಡುಮನೆಯಲ್ಲಿ ಆ ಕುಣಿ. ನೇಕಾರ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು ಮಗ್ಗ ತುಳಿಯುತ್ತಿದ್ದ, ಮೊಣಕಾಲುದ್ದದ ಗುಂಡಿ. ಅದನ್ನು ಮುಚ್ಚುವುದಕ್ಕೆ ಓಣಿಯಲ್ಲೊಂದು ರೂಢಿಯಿತ್ತು. ಕೊನೆಗೆ ನೇಯ್ದವನೇ ಬಂದು ಅದರಲ್ಲಿ ಕಾಲಿಳಿಸಿ ಕೂತು, "ಎದ್ದೆ" ಎಂದು ಎದ್ದು, ಮೊದಲ ಹಿಡಿ ಮಣ್ಣು ಹಾಕಬೇಕು.

"ಇಲ್ಲಿ ನೇಯ್ತಿದ್ದ ಮುದ್ದಪ್ಪ ಎದ್ದಿಲ್ಲ ಸಾರ್," ಯರ್ರಮ್ಮನ ದನಿ ಇಳಿಯಿತು. "ಅವನಣ್ಣ ಮನೆ ಮಾರಿ, ಇವನ್ನ ಕುತ್ತಿಗೆ ಹಿಡಿದು ಹೊರಗೆ ಹಾಕ್ದ. ಹೋಗೋವಾಗ ಕುಣ್ಯಾಗೆ ಮಾಟ ಹೂತು ಹೋದ, ಇದನ್ನ ಮುಚ್ಚಿದೋನು ಇಲ್ಲೇ ಕೂರ್ಲಿ ಅಂತ. ಕೊಂಡ್ಲಹಳ್ಳ್ಯಾಗೆ ಅವ್ನೆ. ಎಲೆ ಅಡಿಕೆ ಕೊಟ್ಟು ಕರದ್ರೆ ಬರ್ತಾನೆ."

"ಗುಂಡಿಗೆ ಯಾರೂ ಬಾಡಿಗೆ ಕೊಡಲ್ಲಮ್ಮಾ. ಮಾಟ ಅಂತೆ ಮಾಟ!"

ಕೆಲಸದವರು ಕುಣಿ ಕೆದಕಿದಾಗ ಗಂಟೊಂದು ಸಿಕ್ಕಿತು. ಕಪ್ಪಾದ ನಿಂಬೆಹಣ್ಣು, ಅದಕ್ಕೆ ಚುಚ್ಚಿದ ಸೂಜಿಗಳು, ಗಂಟು ಗಂಟಾದ ಕೆಂಪು ರೇಷ್ಮೆ ಎಳೆ, ಅದರ ನಡುವೆ ಮನುಷ್ಯನ ಕೂದಲು. ಅವರು ಗುದ್ದಲಿ ಕೆಳಗಿಟ್ಟು ಹೊರಗೆ ಹೋದರು. ಹನುಮಂತರಾಜು ಅದನ್ನು ಚಪ್ಪಲಿಯಿಂದ ಒಳಕ್ಕೇ ನೂಕಿ, ಬೇರೆಯವರನ್ನು ಕರೆಸಿ ಕಾಂಕ್ರೀಟು ಸುರಿಸಿದ.

ನೆಲ ಒಣಗಿದ ಮೇಲೆ ತೋರಿಸಲೆಂದು ಮಗಳು ಕಾವ್ಯಳನ್ನು ಕರೆತಂದ. ಪೊಲೀಸ್ ಕೆಲಸಕ್ಕೆ ಓಟದ ಪರೀಕ್ಷೆಯೊಂದೇ ಬಾಕಿ ಉಳಿದಿದ್ದ ಹುಡುಗಿ. ದಿನ ಬೆಳಗಾದರೆ ಓಡುತ್ತಿದ್ದಳು. ಅವಳ ಆ ಕಾಲುಗಳ ಮೇಲೆ ಅಪ್ಪನಿಗೆ ಎಲ್ಲಿಲ್ಲದ ಹೆಮ್ಮೆ. ಅವಳು ಜಗುಲಿಯಲ್ಲಿ ಫೋನು ನೋಡುತ್ತ ನಿಂತಳು, ಇವನು ನಡುಮನೆಗೆ ಹೋದ. ಹೊರಗೆ ಸುಡುವ ಮಧ್ಯಾಹ್ನ.

ಕರೆಂಟು ಹೋಯಿತು. ಕತ್ತಲೆ ಮುಖಕ್ಕೆ ಕವಿಯಿತು. ಮೊದಲು ನೇಕಾರರು ನೂಲಿಗೆ ಹಚ್ಚುವ ಗಂಜಿ ಹುಳಿತ ವಾಸನೆ, ಆಮೇಲೆ ಕೊಳೆತ ನಿಂಬೆಯದು. ಕಾಲ ಕೆಳಗೆಲ್ಲೋ ಮಗ್ಗದ ಲಾಳಿ ಓಡಿತು. ಟಕ್. ಟಕ್. ಹನುಮಂತರಾಜು ಬಾಗಿಲ ಕಡೆಗೆ ತಿರುಗಿದ. ಪಾದ ಏಳಲಿಲ್ಲ. ನೆಲ ಮೆತ್ತಗಾಗಿತ್ತು. ಹಿಮ್ಮಡಿ ಇಳಿಯಿತು. ಮೀನಖಂಡ ಇಳಿಯಿತು. ಕುಸಿದು ಕೂತ. ತಣ್ಣನೆಯ ಎಳೆಗಳು ಕಾಲು ಸುತ್ತಿದವು. ಬಿಗಿದವು. ಇನ್ನೂ ಬಿಗಿದವು.

"ಕಾವ್ಯಾ!"

ಅವಳು ಓಡಿಬಂದಳು. ಕತ್ತಲಲ್ಲಿ ತಡಕಿ, ಅವನ ಕೈ ಹಿಡಿದು ಎಳೆದಳು. ಹೊಸ್ತಿಲಿಂದ ಯರ್ರಮ್ಮನ ಕೂಗು ಕೇಳಿಸಿತು. "ಕೈ ಕೊಡಬ್ಯಾಡ ತಾಯಿ! ನಿಮ್ಮಪ್ಪನ್ನ ಬಿಟ್ಟು ನಿನ್ನ ಕೂರಿಸ್ತೈತೆ! ಸಾರ್, ಹುಡುಗಿ ಕೈ ಬಿಡ್ರಿ!"

ಹನುಮಂತರಾಜುವಿಗೆ ಪ್ರತಿಯೊಂದು ಮಾತೂ ಕೇಳಿಸಿತು. ಅವನು ಕೈ ಬಿಡಲಿಲ್ಲ. ಇನ್ನೊಂದು ಕೈಯನ್ನೂ ಸೇರಿಸಿ ಹಿಡಿದ. ಎಳೆಗಳು ಸಡಿಲಾದವು. ಎದ್ದ. ಓಡಿದ. ಓಣಿಯ ಬಿಸಿಲು ಕಣ್ಣಿಗೆ ಚುಚ್ಚಿದಾಗಲೇ ಅವನಿಗೆ ಮಗಳ ನೆನಪಾದದ್ದು.

ಒಳಗೆ ಮರಳಿದಾಗ ಕರೆಂಟು ಬಂದಿತ್ತು. ನೆಲ ಗಟ್ಟಿಯಾಗಿತ್ತು. ಅದರ ಮೇಲೆ ಕಾವ್ಯ ಕಾಲು ಚಾಚಿ ಕೂತಿದ್ದಳು. ಮೊಣಕಾಲಿನ ಕೆಳಗೆ ಚಿವುಟಿದರೂ ಅವಳಿಗೆ ತಿಳಿಯುತ್ತಿರಲಿಲ್ಲ.

ಅನಂತಪುರ, ಬಳ್ಳಾರಿ ಎಲ್ಲ ಸುತ್ತಿದ್ದಾಯಿತು. ಕಾಲಿಗೇನೂ ಆಗಿಲ್ಲ ಎಂದರು ಡಾಕ್ಟರುಗಳು. ಓಟದ ಪರೀಕ್ಷೆಯ ದಿನವೂ ಹಾಗೇ ಕಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹನುಮಂತರಾಜು ಎಲೆ ಅಡಿಕೆ ಹಿಡಿದು ಕೊಂಡ್ಲಹಳ್ಳಿಗೆ ಹೋದ. ಮುದ್ದಪ್ಪ ಎಲೆ ಅಡಿಕೆ ತೆಗೆದುಕೊಂಡು ಜೊತೆಗೇ ಬಂದ. ಕಾಂಕ್ರೀಟು ಒಡೆಸಿದರು. ಮುದುಕ ಕುಣಿಯಲ್ಲಿ ಕೂತು, "ಎದ್ದೆ" ಎಂದು ಎದ್ದು, ಒಂದು ಹಿಡಿ ಮಣ್ಣು ಹಾಕಿದ. ಕುರ್ಚಿಯಲ್ಲಿದ್ದ ಕಾವ್ಯಳ ಕಾಲ್ಬೆರಳೂ ಅಲುಗಲಿಲ್ಲ.

"ಈಗ ಕೂತಿರೋದು ನಾನಲ್ಲ ಸಾರ್, ಈಯಮ್ಮ," ಎಂದ ಮುದ್ದಪ್ಪ. "ಈ ಮಗೀನ ಮ್ಯಾಲೆ ನಾ ಮಾಟ ಮಾಡಿರ್ಲಿಲ್ಲ ಸಾರ್. ದೇವ್ರಾಣೆ ಮಾಡಿರ್ಲಿಲ್ಲ."

"ಹಂಗಾರೆ ನನ್ನ ಕೂರಿಸ್ಕೊಳ್ಳಲಿ!" ಹನುಮಂತರಾಜು ಧಡಕ್ಕನೆ ಕುಣಿಗೆ ಕಾಲಿಳಿಸಿದ. ಹೊತ್ತು ಇಳಿಯುವವರೆಗೆ ಕೂತ. ವಾಸನೆ ಬರಲಿಲ್ಲ, ಸದ್ದು ಬರಲಿಲ್ಲ. ಸಿಮೆಂಟಿನ ಪುಡಿಯಲ್ಲಿ ಇರುವೆಗಳು ಹರಿದಾಡುತ್ತಿದ್ದವು.

"ನಿಮ್ಮನ್ನ ತಗಳ್ಳಲ್ಲ ಸಾರ್," ಎಂದ ಮುದ್ದಪ್ಪ. "ನೀವು ಒಬ್ರನ್ನ ಕೂರಿಸಿ ಎದ್ದೋರು."

ಕಾವ್ಯ ಅಪ್ಪನನ್ನೇ ನೋಡುತ್ತಿದ್ದಳು. "ನಾನ್ನಾ, ಯರ್ರಮ್ಮ ಕೂಗಿದ್ದು ನಿಂಗೆ ಕೇಳಿಸ್ತಾ ಅವತ್ತು?"

"ಇಲ್ಲ ತಲ್ಲಿ."

ನಂಬಿದವಳಂತೆ ಅವಳು ತಲೆಯಾಡಿಸಿದಳು. ಹನುಮಂತರಾಜು ಕುಣಿಯಿಂದ ಎದ್ದ. ಏಳುವುದಕ್ಕೆ ಅವನಿಗೆ ಯಾರ ಕೈಯೂ ಬೇಕಾಗಲಿಲ್ಲ.