ಪೊಟ್ಟಣದೊಳಗಿನ ರಿಮೋಟ್

ಕಾರು ಕೂಗಿಕೊಂಡಿತು. ಇಡೀ ಬೀದಿಗೆ ಕೇಳುವ ಹಾಗೆ.

ಮಗಳ ಜಡೆ ಹೆಣೆಯುತ್ತಿದ್ದ ನಾನು ಕಿಟಕಿಗೆ ಓಡಿದೆ. ಎದುರು ಮನೆಯ ಅಂಗಳದಲ್ಲಿ ಅಲ್ಲಿನ ಅಕ್ಕ-ತಂಗಿಯರ ಪೈಕಿ ತಂಗಿ, ಕೈಯಲ್ಲಿ ಕೀಲಿ, ಕಾರಿನ ಬಾಗಿಲು ತೆರೆದಿತ್ತು. ಅವಳು ಒಳಗೆ ಕೂತು ಎಂಜಿನ್ ಚಾಲೂ ಮಾಡಿದಳು. ಸೈರನ್ ನಿಂತಿತು. ಎಂಜಿನ್ ಆರಿಸಿ ಇಳಿದು, ಹಿಂದೆ ಹೋಗಿ ಡಿಕ್ಕಿ ಎತ್ತಿದವಳು ಹಾಗೇ ನಿಂತುಬಿಟ್ಟಳು.

"ಪೆಟ್ಟಿಗೆ ಇಲ್ಲ!"

ಆ ಮನೆಯ ಅಕ್ಕ-ತಂಗಿಯರನ್ನು ನಮ್ಮ ಬೀದಿಯವರು ಬೂಟಿನವರು ಎಂದೇ ಕರೆಯುತ್ತಾರೆ. ಕೆಳಗೆ ಕಾರ್ಯಾಗಾರ, ಮೇಲೆ ಮನೆ. ಅಕ್ಕ ಚರ್ಮ ಕತ್ತರಿಸುತ್ತಾಳೆ, ತಂಗಿ ಹೊಲಿಯುತ್ತಾಳೆ. ಕಾಣೆಯಾದ ಪೆಟ್ಟಿಗೆಯಲ್ಲಿ, ಪಾದ ತಿರುಚಿಕೊಂಡು ಹುಟ್ಟಿದ ಮಕ್ಕಳಿಗಾಗಿ ತಂಗಿ ತಾನೇ ಯೋಚಿಸಿ ಮಾಡಿದ ಪುಟ್ಟ ಬೂಟುಗಳಿದ್ದವು, ಅವುಗಳ ಮರದ ಅಚ್ಚುಗಳಿದ್ದವು. ಅವತ್ತು ಮಧ್ಯಾಹ್ನದೊಳಗೆ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು. ವೈದ್ಯರು ಮೆಚ್ಚಿದರೆ ಅಲ್ಲೇ ಅವಳಿಗೊಂದು ಸ್ವಂತ ಕಾರ್ಯಾಗಾರ. ತೋರಿಸದಿದ್ದರೆ ಆ ಜಾಗ ಬೇರೆಯವರಿಗೆ.

ನಮ್ಮತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದರು. ವಿಮಾ ಕಂಪನಿಯಲ್ಲಿದ್ದಾಗ ಕಾರು ಕಳುವಿನ ದೂರುಗಳನ್ನು ಪರಿಶೀಲಿಸುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ಅವರಿಗೆ ಸಿಗುತ್ತಿದ್ದ ಕಳ್ಳಿ ನನ್ನ ಮಗಳೊಬ್ಬಳೇ, ಅದೂ ಸಕ್ಕರೆ ಡಬ್ಬಿಯ ವಿಷಯದಲ್ಲಿ.

"ಜಡೆ ಆಮೇಲೆ ಹಾಕುವಿಯಂತೆ. ನಡಿ," ಎಂದರು.

ಅತ್ತೆ ಕಾರನ್ನು ಒಂದು ಸುತ್ತು ಬಂದರು. ಗಾಜು ಒಡೆದಿಲ್ಲ. ಬಾಗಿಲಿಗೆ ಗೀರು ಬಿದ್ದಿಲ್ಲ.

"ನಿನ್ನೆ ಲಾಕ್ ಮಾಡಿದ್ಯಾ ಮಗಳೇ?"

"ಮಾಡಿದ್ದೆ ದೊಡ್ಡಮ್ಮ. ಪೆಟ್ಟಿಗೆ ಡಿಕ್ಕೀಲಿಟ್ಟು, ಕೈಯಾರೆ ಕೀಲಿ ತಿರುಗಿಸಿ, ಬಾಗಿಲು ಎಳೆದೂ ನೋಡಿದ್ದೆ."

"ಕೀಲಿ ಯಾಕೆ? ರಿಮೋಟ್ ಇದೆಯಲ್ಲ?"

"ನಿನ್ನೆ ಸಂಜೆಯಿಂದ ಅದು ಸತ್ತಿದೆ. ಬೆಳಗ್ಗೆ ಚೆನ್ನಾಗೇ ಇತ್ತು. ಬ್ಯಾಟರಿ ಬದಲಾಯಿಸ್ದೆ, ಜಪ್ಪಯ್ಯ ಅನ್ಲಿಲ್ಲ."

"ಮಧ್ಯೆ ಏನಾಯ್ತು?"

"ಏನಿಲ್ಲ. ಮಧ್ಯಾಹ್ನ ಚರ್ಮದ ಸುರುಳಿ ಇಳಿಸ್ತಿದ್ವಿ, ಬಾಗಿಲು ತೆರೆದೇ ಇತ್ತು. ಆಮೇಲೆ ನಾನು ಹೊಲಿಗೆಗೆ ಕೂತೆ."

"ನಿನ್ನ ಕೀಲಿ?"

"ಜೇಬಲ್ಲೇ ಇತ್ತು. ರಾತ್ರಿ ದಿಂಬಿನ ಕೆಳಗೆ."

ಅಷ್ಟರಲ್ಲಿ ಅಕ್ಕ ಮೆಟ್ಟಿಲಿಳಿದು ಬಂದಳು. ಮನೆಯ ಎಲ್ಲ ಕೀಲಿಗಳಿದ್ದ ಸೊಂಟದ ಗೊಂಚಲು ಅವಳಿಗಿಂತ ಮುಂಚೆ ಸದ್ದು ಮಾಡಿತು. ತಂಗಿಯ ಬೆನ್ನ ಮೇಲೆ ಕೈಯಿಟ್ಟು, "ಅಳಬೇಡ ಕಣೇ," ಎಂದಳು. "ದೊಡ್ಡಮ್ಮ, ಇದು ಆ ಬೀಗದವನದೇ ಕೆಲಸ. ಹೊಸ ರಿಮೋಟ್ ಹಾಕಿಕೊಡ್ತೀನಿ ಅಂತ ಎರಡು ಸಲ ಬಂದು ಕಾರು ಮೂಸಿ ಹೋಗಿದ್ದಾನೆ."

"ಹೊಸ ರಿಮೋಟ್ ಯಾಕೆ ಬೇಕಾಗಿತ್ತು?"

"ನಾನು ಕಳೆದೆನಲ್ಲ, ಅದಕ್ಕೆ," ಎಂದು ಮೇಲಿಂದಲೇ ಉತ್ತರ ಬಂತು. ಅಕ್ಕನ ಗಂಡ, ಭಾವ. ಮುಖಕ್ಕೆ ಹಚ್ಚಿದ ಸೋಪಿನ ನೊರೆಯಲ್ಲೇ ಇಳಿದು ಬಂದರು. "ಕೀಲಿ, ರಿಮೋಟು ಎರಡೂ ಬಸ್ಸಲ್ಲಿ ಹೋಯ್ತು. ಬೀಗದವನನ್ನ ಕರೆಸ್ದೆ, ಕೊನೆಗೆ ನಾನೇ ಮನೇಲಿ ಕಾರಿಗೆ ಜೋಡಿಸ್ತೀನಿ ಅಂತ ಬರೀ ರಿಮೋಟ್ ತರಿಸ್ದೆ."

"ಜೋಡಿಸಿದ್ರಾ?"

"ಎಲ್ಲಿ ಜೋಡಿಸ್ತಾರೆ!" ಅಕ್ಕ ಮೂತಿ ತಿರುವಿದಳು. "ದಿನಾ ಊಟದ ಹೊತ್ತಿಗೆ ಅದರ ವಿಡಿಯೊ ಹಾಕಿ ನಮ್ಮ ಕಿವಿ ತೂತು ಮಾಡ್ತಾರೆ. ಅರ್ಧಕ್ಕೇ ಗೊರಕೆ. ಇವರ ಕೆಲಸ ಎಲ್ಲ ಹಾಗೇ, ಅರ್ಧ."

"ನಿನ್ನ ಅಡುಗೆ ಉಂಡ್ರೆ ನಿದ್ದೆ ಬರದೆ ಇನ್ನೇನು ಬರುತ್ತೆ?" ಎಂದರು ಭಾವ. ಯಾರೂ ನಗಲಿಲ್ಲ.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಕಚೇರೀಲಿ. ಕತ್ತಲಾದ ಮೇಲೆ ಬಂದಿದ್ದು. ಯಾಕೆ, ನಾದಿನಿ ಬೂಟು ನನ್ನ ಕಾಲಿಗಾಗುತ್ತಾ?"

"ಆ ರಿಮೋಟ್ ತನ್ನಿ. ಫೋನೂ ತನ್ನಿ."

ಭಾವ ಫ್ರಿಜ್ಜಿನ ಮೇಲಿಂದ ಪ್ಲಾಸ್ಟಿಕ್ ಪೊಟ್ಟಣ ತಂದರು. "ನೋಡಿ, ಮುಟ್ಟೇ ಇಲ್ಲ."

ಅತ್ತೆ ಪೊಟ್ಟಣ ಬಿಚ್ಚಲಿಲ್ಲ. ಮೇಲಿಂದಲೇ ಹೆಬ್ಬೆರಳಿಟ್ಟು ಒತ್ತಿದರು.

ಟಕ್!

ಕಾರಿನ ದೀಪಗಳು ಮಿನುಗಿದವು. ಭಾವನ ಕೆನ್ನೆಯ ನೊರೆ ಅಂಗಿಯ ಮೇಲೆ ಬಿತ್ತು. ತಂಗಿ ಅವರನ್ನೇ ನೋಡುತ್ತಿದ್ದಳು.

"ಭಾವ... ನೀವಾ?"

"ಅಯ್ಯೋ, ದೇವರಾಣೆ ಇಲ್ಲ ಕಣಮ್ಮ! ನಂಗೆ ಜೋಡಿಸೋಕೇ ಬರಲ್ಲ!"

"ಆ ವಿಡಿಯೊ ಹಾಕಿ," ಎಂದರು ಅತ್ತೆ. "ಇವತ್ತಾದರೂ ಕೊನೇತನಕ."

ಫೋನಿನಿಂದ ಯಾರದೋ ಉತ್ಸಾಹದ ದನಿ. ಕಾರೊಳಗೆ ಕೂತು ಬಾಗಿಲೆಲ್ಲ ಮುಚ್ಚಿ. ಕೀಲಿ ತೂರಿಸಿ, ಎಂಜಿನ್ ಚಾಲೂ ಮಾಡದೆ ಬೇಗ ಬೇಗ ಆಚೆ ಈಚೆ ತಿರುಗಿಸಿ. ಬಾಗಿಲುಗಳು ಟಕ್ ಎಂದಾಗ ಹೊಸ ರಿಮೋಟ್‌ನ ಗುಂಡಿ ಒತ್ತಿ. ಜೋಡಣೆ ಆಯಿತು! ಇಷ್ಟು ಎಲ್ಲರಿಗೂ ಬಾಯಿಪಾಠವಿತ್ತು. ಭಾವನ ತುಟಿಗಳು ಜೊತೆಜೊತೆಗೆ ಅಲುಗುತ್ತಿದ್ದವು.

ಆಮೇಲೆ ಆ ಮನೆಯಲ್ಲಿ ಯಾರೂ ಕೇಳಿರದ ಮಾತು ಬಂತು. "ಹಳೆಯ ರಿಮೋಟ್ ಇದ್ದರೆ ಅದರ ಗುಂಡಿಯನ್ನೂ ಈಗಲೇ ಒತ್ತಿ. ಇಲ್ಲದಿದ್ದರೆ ಕಾರು ಅದನ್ನು ಮರೆತುಬಿಡುತ್ತದೆ."

ತಂಗಿ ತನ್ನ ಕೈಯಲ್ಲಿದ್ದ ಸತ್ತ ರಿಮೋಟ್ ನೋಡಿಕೊಂಡಳು.

"ಬೀಗದವನು ಮಾಡಿದ್ದರೆ ಇದು ಕೆಡುತ್ತಿರಲಿಲ್ಲ," ಎಂದರು ಅತ್ತೆ. "ಅವನಿಗೆ ಇದು ದಿನಾ ಮಾಡೋ ಕೆಲಸ. ಮಾಡಿದವರು ಅರ್ಧ ವಿಡಿಯೊ ಕೇಳಿ ಕಲಿತವರು. ಅಂದ್ರೆ ಈ ಮನೆಯವರೇ. ನಿನ್ನೆ ಮಧ್ಯಾಹ್ನ ಕಾರು ತೆರೆದಿದ್ದಾಗ ಆಗಿದೆ. ಅದಕ್ಕೆ ಲೋಹದ ಕೀಲಿ ಬೇಕೇ ಬೇಕು. ಒಂದು ಇವಳ ಜೇಬಲ್ಲಿ. ಒಂದು ಬಸ್ಸಲ್ಲಿ ಹೋಯ್ತು. ಇನ್ನೊಂದು?"

ಅಕ್ಕ ಸೊಂಟದ ಗೊಂಚಲನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ದೊಡ್ಡಮ್ಮ, ಏನು ಮಾತು ಅಂತ ಆಡ್ತೀರಿ?" ಎಂದಳು. "ನನ್ನ ಹತ್ರ ಕೀಲಿ ಇದ್ದ ಮೇಲೆ ರಿಮೋಟ್ ಯಾಕೆ? ಕದಿಯೋದಾದ್ರೆ ನೆಟ್ಟಗೆ ತೆಗೀತಿರಲಿಲ್ವಾ?"

ನನಗೂ ಹಾಗೇ ಅನ್ನಿಸಿತ್ತು. ಅತ್ತೆ ಮಾತ್ರ ತಂಗಿಯ ಕಡೆ ತಿರುಗಿದರು.

"ಅಕ್ಕ ಯಾವಾಗಲಾದರೂ ಕೀಲಿ ಹಾಕಿ ಈ ಕಾರು ತೆಗೆದಿದ್ದುಂಟಾ?"

"ಒಂದೇ ಸಲ," ತಂಗಿಯ ದನಿ ಇಳಿದಿತ್ತು. "ಸೈರನ್ ಹೊಡ್ಕೊಂಡು ಬೀದಿಗೆ ಬೀದಿಯೇ ಎದ್ದುಬಂತು. ಅವತ್ತಿಂದ ಹೆದರ್ತಾಳೆ."

"ಅದಕ್ಕೇ ರಿಮೋಟ್ ಬೇಕಾಯ್ತು, ಸದ್ದಿಲ್ಲದೆ ತೆಗೆಯೋಕೆ. ಆದರೆ ಈ ಕಾರು ಎಲ್ಲ ಸಲವೂ ಕೂಗಲ್ಲಮ್ಮ. ರಿಮೋಟ್‌ನಿಂದ ಮುಚ್ಚಿ ಕೀಲಿಯಿಂದ ತೆಗೆದರೆ ಮಾತ್ರ ಕಳ್ಳ ಬಂದ ಅಂತ ಕೂಗುತ್ತೆ. ಕೀಲಿಯಿಂದಲೇ ಮುಚ್ಚಿದ್ದರೆ ತೆಪ್ಪಗಿರುತ್ತೆ. ನಿನ್ನೆ ಇವಳು ಕೀಲಿಯಿಂದ ಮುಚ್ಚಿದ್ದಳು. ಇವತ್ತು ತೆಗೆದಾಗ ಕೂಗಿತು. ಯಾಕೆ? ಎಲ್ಲರೂ ಖಾಲಿ ಡಿಕ್ಕಿ ನೋಡಿದ್ರಿ, ಆ ಕೂಗಿನ ಬಗ್ಗೆ ಯಾರೂ ಯೋಚಿಸಲಿಲ್ಲ. ನಡುವೆ ಯಾರೋ ಹೊಸ ರಿಮೋಟ್‌ನಿಂದ ತೆಗೆದು, ಪೆಟ್ಟಿಗೆ ಎತ್ಕೊಂಡು, ಮತ್ತೆ ಅದರಿಂದಲೇ ಮುಚ್ಚಿದ್ದಾರೆ." ಅತ್ತೆ ಅಕ್ಕನತ್ತ ನೋಡಿದರು. ದನಿ ಮೆತ್ತಗಾಗಿತ್ತು. "ನೀನು ಸುಮ್ಮನೆ ಕೀಲಿ ಹಾಕಿ ತೆಗೆದಿದ್ದರೆ ಯಾವ ಸದ್ದೂ ಆಗ್ತಿರಲಿಲ್ಲ. ನನಗೂ ಗೊತ್ತಾಗ್ತಿರಲಿಲ್ಲ ಮಗಳೇ."

ಅಕ್ಕ ಕಾರ್ಯಾಗಾರದೊಳಗೆ ಹೋದಳು. ಚರ್ಮದ ಸುರುಳಿಗಳು ಉರುಳಿದ ಸದ್ದು. ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದು ತಂಗಿಯ ಕಾಲ ಬಳಿ ಇಟ್ಟಳು.

"ಇವತ್ತೊಂದು ದಿನ ಕಳೆದ್ರೆ ಸಾಕು ಅಂದ್ಕೊಂಡೆ. ನಾಳೆ ಎಲ್ಲೋ ಸಿಕ್ತು ಅಂತ ಕೊಡ್ತಿದ್ದೆ. ನೀನು ಹೋದ್ರೆ ಇಲ್ಲಿ ಏನಿದೆ ಹೇಳು? ನಾನು ಕತ್ತರಿಸಿದ್ದನ್ನ ಯಾರು ಹೊಲೀತಾರೆ? ನಿನ್ನ ಕೈಗೆ ಸೂಜಿ ಕೊಟ್ಟೋಳು ನಾನು."

"ಹೌದು. ಅದಕ್ಕೇ ಮೊದಲ ಜೊತೆ ನಿಂಗೇ ತೋರಿಸಿದ್ದು." ತಂಗಿ ಮಂಡಿಯೂರಿ ಪೆಟ್ಟಿಗೆ ತೆರೆದಳು. "ನಿನ್ನೆ ನೀನೇ ಕೂತು ಎಲ್ಲಕ್ಕೂ ಪಾಲಿಶ್ ಹಾಕಿದೆಯಲ್ಲ ಅಕ್ಕ. ಆಗಲೇ ಮನಸ್ಸಲ್ಲಿ ಇದಿತ್ತಾ?"

ಭಾವ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು, ನೊರೆಯೆಲ್ಲ ಹೋದ ಮೇಲೂ.

ತಂಗಿ ಒಂದೊಂದೇ ಬೂಟು ಎತ್ತಿ, ಒಳಗೆ ಬೆರಳು ಹಾಕಿ ನೋಡಿದಳು. ಪಟ್ಟಿ, ಬಕಲ್, ಅಂಗಾಲು. ನನ್ನ ಅಂಗೈಗಿಂತ ಚಿಕ್ಕವು. ಎಲ್ಲ ನೆಟ್ಟಗಿದ್ದವು.

"ಒಂದು ಹೊಲಿಗೆಗೂ ಕೈ ಹಾಕಿಲ್ಲ ಕಣೇ," ಅಕ್ಕ ಅಳುತ್ತಿದ್ದಳು. "ನನ್ನಾಣೆ, ಒಂದು ಎಳೆ ಬಿಚ್ಚಿಲ್ಲ."

ತಂಗಿ ಪೆಟ್ಟಿಗೆ ಮುಚ್ಚಿ, ಕಾರಿನ ಹಿಂದಿನ ಸೀಟಿನ ಮೇಲಿಟ್ಟಳು. ಕೂತು ಬಾಗಿಲು ಎಳೆದುಕೊಳ್ಳುವ ಮುನ್ನ ಒಮ್ಮೆ ಅಕ್ಕನ ಮುಖ ನೋಡಿದಳು.

"ಬೂಟು ಬಿಚ್ಚಿದ್ದರೆ ಮತ್ತೆ ಹೊಲೀತಿದ್ದೆ ಅಕ್ಕ."